ಗುಂಡಿ ಹಾಕುವ ಪಾಠ

ಕಾರ್ಮಿಕರ ಪರಿಹಾರದ ಕೋರ್ಟಿನ ಹೊರಗೆ ಬೆಂಚಿನ ಮೇಲೆ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಲಗೈಗೆ ಬೆರಳುಗಳೇ ಇಲ್ಲದ ನಡುವಯಸ್ಸಿನವನೊಬ್ಬ ಕೂತಿದ್ದ. ಹೊಸ ಕರಿಕೋಟಿನ ಹುಡುಗಿಯೊಬ್ಬಳು ಬರುತ್ತಲೇ ಎದ್ದು ನಿಂತ.

"ಆಸ್ಪತ್ರೆ ಮೇಡಂ ಅಲ್ವಾ? ನನ್ನ ಕೈಗೆ ವ್ಯಾಯಾಮ ಮಾಡಿಸ್ತಿದ್ರಲ್ಲ!"

"ಹೂಂ. ಅದನ್ನ ಬಿಟ್ಟು ಲಾ ಓದಿದೆ."

"ನೋಡಿ, ಶರ್ಟಿನ ಗುಂಡಿ ನಾನೇ ಹಾಕ್ಕೊಂಡೆ, ಎಡಗೈಲಿ. ನೀವು ಕಲಿಸಿದ ಹಾಗೇ."

"ಅಣ್ಣಾ, ನಾನೀಗ ನಿಮ್ಮ ಫ್ಯಾಕ್ಟರಿ ಕಡೆ ಲಾಯರು. ಇದೇ ಮೊದಲನೇ ಕೇಸು."

"ನೀವಾ?"

"ಕೈಕಾಲಿನ ವಿಷಯ ಗೊತ್ತಿರೋಳು ಅಂತಲೇ ಕೆಲಸಕ್ಕೆ ತಗೊಂಡಿದ್ದು."

ಅವನು ಎಡಗೈಯನ್ನು ಶರ್ಟಿನ ಗುಂಡಿಯ ಮೇಲಿಟ್ಟುಕೊಂಡ.

"ಹಾಗಾದ್ರೆ ಒಳಗೆ ಗುಂಡಿ ಹಾಕಿ ತೋರಿಸು ಅಂತೀರಾ?"

"ಕೇಳಲೇಬೇಕು. ನಿಮ್ಮ ಲಾಯರು ಏನಂದಿದ್ದಾರೆ?"

"ನನ್ನ ಕೈಲಿ ಏನೂ ಮಾಡೋಕಾಗಲ್ಲ ಅಂದ್ಬಿಡು, ಇಲ್ಲಾಂದ್ರೆ ಪರಿಹಾರ ಕಮ್ಮಿ ಮಾಡ್ತಾರೆ ಅಂದಿದ್ದಾರೆ."

ಅವಳು ದನಿ ತಗ್ಗಿಸಿದಳು. "ಹಾಗೇ ಹೇಳಿ."

"ಹೇಗಮ್ಮಾ ಹೇಳ್ಲಿ? ಪಕ್ಕದಲ್ಲೇ ಕೂತು, ಬೇಜಾರಿಲ್ಲದೆ ಕಲಿಸಿದ್ರಿ. ನಿಮ್ಮೆದುರಿಗೇ ಬರಲ್ಲ ಅನ್ನಲಾ?"

ಒಳಗಿನಿಂದ ಅವನ ಹೆಸರು ಕೂಗಿದರು. ಅವಳು ಬಾಗಿಲು ತೆರೆದು ಹಿಡಿದಳು. ಅವನು ಬಿಟ್ಟಿದ್ದ ಕೊರಳಗುಂಡಿಯನ್ನೂ ಎಡಗೈಯಲ್ಲೇ ಹಾಕಿಕೊಂಡು ಒಳಗೆ ಹೋದ.