ಹಗೇವಿನಲ್ಲಿ ಮಾಗಿದ ವೈನು

ಸಿರಾ ಆಸ್ಪತ್ರೆಯೊಳಗೆ ಇಂಗ್ಲಿಷ್ ದೊರೆಯ ಬಂಗಲೆಯ ಆಳು ಅಡವಯ್ಯ ಪ್ರಜ್ಞೆಯಿಲ್ಲದೆ ಮಲಗಿದ್ದ. ಜಗಲಿಯಲ್ಲಿ ಅವನ ಹೆಂಡತಿ ಶಿವರುದ್ರಮ್ಮನೂ ಬಟ್ಲರ್ ಇಮಾಮ್ ಸಾಬರೂ ಬೇರೆ ರೋಗಿಯನ್ನು ನೋಡಲು ಬಂದಿದ್ದ ನನ್ನ ಪಕ್ಕ ಕೂತಿದ್ದರು.

“ದೊರೆ ವೈನಿಟ್ಟಿದ್ದ ರಾಗಿ ಹಗೇವಿನ ಗುಂಡಿಗೆ ನಮ್ಮೋರನ್ನ ಇಳ್ಸೋ ಮುಂಚೆ ದೀಪ ಬುಟ್ಟು ನೋಡ್ಲಿಲ್ವಾ ಸಾಬ್ರೇ?”

“ಬುಟ್ಟೆ ಕಣಮ್ಮ. ಅರ್ಧಕ್ಕೇ ಆರೋಯ್ತು. ಕೆಟ್ಟ ಗಾಳಿ ಐತೆ, ನಾಳೆ ಇಳ್ಸಾನ ಅಂದೆ.”

“ದೊರೆ ಏನಂದ?”

ಸಾಬರು ಮೂಗಿನಲ್ಲೇ ದೊರೆಯಾದರು: “‘ಡೀಪ ಗಾಲಿಗೆ ಆರಿಟು! ಗೆಸ್ಟ್ ಕಾಯ್ಟಾರೆ, ಜಲ್ಡಿ ಇಲಿ!’”

ಶಿವರುದ್ರಮ್ಮ ನಗಲಿಲ್ಲ.

“ಮೇಲಕ್ಕೆ ಎಳ್ದಾಗ್ಲೂ ಅಡವಯ್ಯ ಬಾಟ್ಲಿ ತಬ್ಕೊಂಡೇ ಇದ್ದ,” ಎಂದರು ಸಾಬರು.

“ದೊರೆ ಕುಡುದ್ನಾ?”

“ಗ್ಲಾಸಿಗೆ ಹಾಕಿ, ಮೂಸಿ, ಒಂದ್ ಗುಟುಕು ಕುಡ್ದ. ಹುಳಿ ಅಂತ ಉಗುದ್ಬುಟ್ಟ.”

ಕಾಂಪೌಂಡರ್ ಬಾಗಿಲಿಗೆ ಬಂದ. “ಅಡವಯ್ಯನ ಕಡೆಯೋರಾ? ಹೊರೋದಕ್ಕೆ ಗಂಡಸ್ರು ನಾಲ್ಕು ಜನ ಬನ್ನಿ.”

“ನಾನೊಬ್ಳು ಸಾಲಾಕಿಲ್ವಾ ಸ್ವಾಮಿ?” ಎನ್ನುತ್ತ ಶಿವರುದ್ರಮ್ಮ ಒಳಗೆ ನಡೆದಳು. ಸಾಬರು ತಲೆ ತಗ್ಗಿಸಿ ಹಿಂದೆ ಹೋದರು.