ನಾಳೆಯೂ ಊಟ ಸಿಗುತ್ತದೆಂಬ ನಂಬಿಕೆ

...ನಗಬೇಡ ಅಕ್ಕಾ! ನಿಜವಾಗ್ಲೂ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ಕೊಂಡೇ ಕಾಲೇಜಿಗೆ ಹೋದ್ರು ನಮ್ಮನೆಯವರು. ಯಾಕ್ರೀ ಅಂದ್ರೆ, "ಯಾವ ಕಾಲಿಗೆ ಯಾವುದು ಅನ್ನೋದೂ ಬರೀ ರೂಢಿ ಕಣೇ" ಅಂತ! ತತ್ವಶಾಸ್ತ್ರದ ಮೇಷ್ಟ್ರನ್ನ ಕಟ್ಕೊಂಡ್ರೆ ಇನ್ನೇನಾಗತ್ತೆ ಹೇಳು?

ಅದೇ, ಮುನ್ನೂರು ನಾನೂರು ವರ್ಷದ ಹಿಂದಿನ ದಾರ್ಶನಿಕರ ಬಗ್ಗೆ ಪುಸ್ತಕ ಬರೀತಿದಾರಲ್ಲ... ಮನುಷ್ಯಸ್ವಭಾವ ಅಂತ ನಾವು ಅನ್ನೋದೆಲ್ಲ ಅಭ್ಯಾಸವಂತೆ. ನಮ್ಮನ್ನ ನಡೆಸೋದು ಬುದ್ಧಿ ಅಲ್ವಂತೆ, ರೂಢಿಯಂತೆ. ನಾಳೆ ಸೂರ್ಯ ಹುಟ್ತಾನೆ ಅನ್ನೋದಕ್ಕೂ ಪುರಾವೆ ಇಲ್ವಂತೆ! ದಿನಾ ನೋಡಿ ನೋಡಿ ನಂಬ್ಕೊಂಡಿದೀವಿ, ಅಷ್ಟೇ ಅಂತೆ. ಸರಿ ಅಂದೆ ನಾನೂ. ಮಾರನೇ ದಿನ ಮಧ್ಯಾಹ್ನ ಬಂದು ತಟ್ಟೆ ಮುಂದೆ ಕೂತ್ರು. ಕೂತ್ರು... ಕೂತೇ ಇದ್ರು. "ಊಟ ಎಲ್ಲೇ?" "ದಿನಾ ಬಡಿಸಿದೀನಿ ಅಂತ ಇವತ್ತೂ ಬಡಿಸ್ತೀನಿ ಅನ್ನೋಕೆ ಪುರಾವೆ ಏನ್ರೀ?" ಅಂದೆ. ಅಯ್ಯಯ್ಯೋ, ಆ ಮುಖ ನೀನು ನೋಡ್ಬೇಕಿತ್ತು!

ಕೋಪಾನಾ? ಎಲ್ಲಿ ಬಂತು! "ಭೇಷ್!" ಅಂತ ಎದ್ದು ಹೋಗಿ ಅದನ್ನೂ ಪುಸ್ತಕಕ್ಕೆ ಸೇರಿಸಿದ್ರು. ಹಸ್ಕೊಂಡೇ!

ಹೂಂ, ಆಮೇಲೆ ಬಡಿಸ್ದೆ ಬಿಡು. ನಾನೇನು ರಾಕ್ಷಸೀನಾ?

ಇವತ್ತು ಬೆಳಿಗ್ಗೆ ಮಾತ್ರ... ಬಟ್ಟೆ ಮಡಿಸ್ತಿದ್ದೆ. "ನನಗೆ ನಿನ್ನ ಮೇಲಿರೋದು ಪ್ರೀತಿನೋ, ಬರೀ ಅಭ್ಯಾಸಾನೋ, ತಿಳಿಯೋದು ಹೇಗೆ?" ಅಂದ್ರು. ತಮಾಷೆಗಲ್ಲ, ಕನ್ನಡಕ ಒರೆಸ್ಕೊಂಡು, ಪಾಠ ಹೇಳೋ ಹಾಗೆ. "ಬಿಟ್ಟು ನೋಡಿ, ತಿಳಿಯತ್ತೆ" ಅಂದೆ. ಅಷ್ಟೇ. ಜಗಳಗಿಗಳ ಏನಿಲ್ಲಪ್ಪ! ನಿನ್ನ ನೋಡಿ ಬಹಳ ದಿನ ಆಯ್ತಲ್ಲ, ಬಂದೆ. ಹೇಳೇ ಬಂದೆ. ಅವರೇ ಬಸ್ ಹತ್ತಿಸಿದ್ರು...

ಯಾಕೆ ಹಾಗೆ ನೋಡ್ತೀಯ? ಕಿಟಕಿ ಪಕ್ಕ ಜಾಗ ಹಿಡಿದುಕೊಟ್ರು, ನೀರಿನ ಬಾಟ್ಲಿ ಕೊಟ್ರು... ಅಕ್ಕಾ?

...ಓ. ಫೋನ್ ಬಂದಿತ್ತಾ? ನಾನು ಮುಖ ತೊಳೆಯೋಕೆ ಹೋದಾಗ?

ನಾನೆಲ್ಲಿ ಅಂತ ನಿನ್ನ ಕೇಳಿದ್ರಾ...

ಹೂಂ. ಹೇಳದೇ ಬಂದೆ. ಪಕ್ಕದ ಕೋಣೇಲೇ ಓದ್ತಾ ಇದ್ರು, ಬಾಗಿಲು ಎಳ್ಕೊಂಡು ಬಂದ್ಬಿಟ್ಟೆ. ಇನ್ನೊಂದು ಗಳಿಗೆ ನಿಂತಿದ್ರೆ, "ಅಭ್ಯಾಸಾನೇ ಕಣೇ" ಅಂತ ಉತ್ತರಾನೂ ಹೇಳ್ಬಿಡ್ತಾರೇನೋ ಅಂತ ಭಯ ಆಯ್ತು.

ಅವರ ಧ್ವನಿ ಹೇಗಿತ್ತು? ನಡುಗ್ತಿತ್ತಾ?... ಬಾಯಿ ಬಿಡೇ! ನಡುಗ್ತಿತ್ತು ಅಲ್ವಾ? ನಡುಗ್ಲಿ! ಇನ್ನೂ ಒಂದಿನ ಚೆನ್ನಾಗಿ ನಡುಗ್ಲಿ...

ಅಯ್ಯೋ ಬೇಡ. ಕೊಡಿಲ್ಲಿ ಫೋನು.