ಮನಸ್ಸಿನಲ್ಲೇ ಓದುವ ಅಣ್ಣ

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ಕಾಯುತ್ತಿದ್ದ ದರ್ಜಿಯೊಬ್ಬನ ಮುಂದೆ ಒಬ್ಬ ಅಣ್ಣ, ಅವನ ತಂಗಿ ನಿಂತಿದ್ದರು. ಅಣ್ಣನ ಕಂಕುಳಲ್ಲಿ ಅಂದಿನ ಪತ್ರಿಕೆ. ತಂಗಿಯ ಕೈಯಲ್ಲಿ ನಾಗರಿಕ ಸೇವೆಯ ಮುಖ್ಯ ಪರೀಕ್ಷೆಯ ಅರ್ಜಿ. ಗಟ್ಟಿಯಾಗಿ ಓದುವ ಪುರಾಣ ಪಾರಾಯಣ ಕೇಳಿ ಬೆಳೆದ ದರ್ಜಿಯ ಕಿವಿ ತಾನಾಗಿ ಅವರ ಮಾತಿನತ್ತ ಹೊರಳಿತು.

“ಅಣ್ಣಾ, ರಿಸಲ್ಟ್ ಬಂದಾಗಿನಿಂದ ಪೇಪರ್ ಮನಸ್ಸಲ್ಲೇ ಓದ್ಕೋತೀಯಲ್ಲ, ಯಾಕೆ?”

“ಗಂಟಲು ಕೆಟ್ಟಿದೆ.”

“ಬೆಳಿಗ್ಗೆ ಅಮ್ಮನ ಮೇಲೆ ರೇಗೋವಾಗ ಚೆನ್ನಾಗೇ ಇತ್ತಲ್ಲ?”

“ನೋಡು, ಮೂರು ವರ್ಷ ಕೋಣೆ ತುಂಬ ಓಡಾಡ್ಕೊಂಡು ಗಟ್ಟಿಯಾಗಿ ಓದಿದವನು ನಾನು. ನೀನು ಮೂಲೇಲಿ ಇಸ್ತ್ರಿ ಹಾಕ್ತಿದ್ದೆ.”

“ಕಿವಿ ಮುಚ್ಕೊಂಡು ಇಸ್ತ್ರಿ ಹಾಕಕ್ಕಾಗುತ್ತಾ?”

“ನನ್ನ ಬಾಯಿಂದ ಕೇಳಿ ನೀನು ಪ್ರಿಲಿಮ್ಸ್ ಪಾಸಾದೆ. ನಾನು ಎರಡು ಮಾರ್ಕ್ಸಲ್ಲಿ ಬಿದ್ದೆ. ಹೊಟ್ಟೆ ಉರಿಯುತ್ತೆ ಕಣೇ.”

“ನನಗೂ ಉರೀತಿತ್ತು. ಮೂರು ವರ್ಷ ಪುಸ್ತಕ ಎಲ್ಲ ನಿನಗೆ, ಇಸ್ತ್ರಿ ಬಟ್ಟೆ ಎಲ್ಲ ನನಗೆ.”

ಅಣ್ಣ ಪತ್ರಿಕೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ.

“ನಾನೇ ಓದಿದ್ರೆ ತಲೇಲಿ ನಿಲ್ಲಲ್ಲ ಅಣ್ಣಾ. ಪರೀಕ್ಷೆಗೆ ಇನ್ನು ನಲವತ್ತೇ ದಿನ.”

“ರೇಡಿಯೋ ಹಾಕ್ಕೋ, ಹೋಗು.”

“ಅದು ನಿನ್ನ ಹಾಗೆ ನಡುನಡುವೆ ಮಂತ್ರಿಗಳನ್ನ ಬೈಯಲ್ಲ. ಆ ಬೈಗುಳದಿಂದಲೇ ನನಗೆ ಸುದ್ದಿ ನೆನಪಿರೋದು.”

ಅರ್ಜಿಯ ಪ್ರತಿ ಕೈಗೆ ಬಂತು. ಇಬ್ಬರೂ ಮೆಟ್ಟಿಲಿಳಿದರು. ಹತ್ತು ಹೆಜ್ಜೆ ಹೋದ ಮೇಲೆ ಅಣ್ಣ ಪತ್ರಿಕೆ ಬಿಡಿಸಿ, ಜಗಳಕ್ಕೆ ನಿಂತವನ ದನಿಯಲ್ಲಿ, ತಂಗಿಯ ಮುಖ ನೋಡದೆ, ಮೊದಲ ಪುಟದಿಂದ ಓದತೊಡಗಿದ. ತಿರುವು ದಾಟುವಾಗ ಯಾವುದೋ ಮಂತ್ರಿಗೆ ಬಿದ್ದ ಬೈಗುಳ ದರ್ಜಿಯವರೆಗೂ ಕೇಳಿಸಿತು.